ಮಳೆಗಾಲಕ್ಕೆ ಮೊದಲು ಹೂಳಿನ ಗುಂಡಿ ತೆರೆದು ನೋಡಿ

ಬೆಂಗಳೂರಿನ ಅಪಾರ್ಟ್‌ಮೆಂಟು, ಲೇಔಟುಗಳಲ್ಲಿ ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಬಾವಿ ತೋಡಿಸಲು ದುಡ್ಡು ಹೇಗೋ ಹೊಂದುತ್ತದೆ. ಬಾವಿಯ ಮುಂದೆ ಮಣ್ಣು, ಕಸ ತಡೆಯಲು ಇರುವ ಎರಡಡಿ ಚೌಕದ ಹೂಳಿನ ಗುಂಡಿಯ ಮುಚ್ಚಳವನ್ನು ಮಾತ್ರ ವರ್ಷಗಟ್ಟಲೆ ಯಾರೂ ಎತ್ತುವುದಿಲ್ಲ. ಎರಡು ಮೂರು ಮಳೆಗಾಲ ಕಳೆದ ಮೇಲೆ ಬಾವಿಯಲ್ಲಿ ನೀರು ಇಂಗದೆ ನಿಂತರೆ ಕಾರಣವನ್ನು ಮೊದಲು ಹುಡುಕಬೇಕಾದ್ದು ಅಲ್ಲೇ.

ಬರುವ ನೀರೆಷ್ಟು ಎಂದು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್. ಒಂದು ಸಂಜೆ 50 ಮಿ.ಮೀ. ಸುರಿದರೆ 1 ಲಕ್ಷ ಲೀಟರ್ ಆಯಿತು. ಬಹುಪಾಲು ಚಾವಣಿ, ಕಾಂಕ್ರೀಟು ಇರುವ ಜಾಗವಾದರೆ ಅದರಲ್ಲಿ 80 ಸಾವಿರ ಲೀಟರ್ ಹರಿದು ಬರುತ್ತದೆ ಎಂದೇ ಇಟ್ಟುಕೊಳ್ಳಿ. ಮೂರಡಿ ಅಗಲ, 20 ಅಡಿ ಆಳದ ಒಂದು ಬಾವಿ ಹಿಡಿಯುವುದು 4,000 ಲೀಟರ್. ಎಂಟು ಬಾವಿ ಇದ್ದರೂ 32 ಸಾವಿರ. ಸುರಿಯುತ್ತಿರುವಾಗಲೇ ಒಂದಿಷ್ಟು ಇಂಗುತ್ತದೆ ನಿಜ, ಆದರೂ ಮಿಕ್ಕದ್ದಕ್ಕೆ ದಾರಿ ಬೇಕು. ಕೆರೆಗೆ ಕೋಡಿ ಇರುವ ಹಾಗೆ ಪ್ರತಿ ಬಾವಿಗೂ ರಸ್ತೆ ಬದಿಯ ಚರಂಡಿಗೆ ಹೋಗುವ ಕೋಡಿ ಪೈಪು ಇರಲೇಬೇಕು.

ಹೂಳಿನ ಗುಂಡಿಯ ಕೆಲಸ ಬಲು ಸರಳ. ಒಳಬಂದ ನೀರು ವೇಗ ಕಳೆದುಕೊಳ್ಳಬೇಕು, ಮರಳು ಮಣ್ಣು ತಳಕ್ಕೆ ಕೂರಬೇಕು. ಅದಕ್ಕಾಗಿ ಹೊರಹೋಗುವ ಪೈಪಿನ ಮಟ್ಟಕ್ಕಿಂತ ತಳ ಕನಿಷ್ಠ ಒಂದಡಿ, ಸಾಧ್ಯವಾದರೆ ಒಂದೂವರೆ ಅಡಿ ಕೆಳಗಿರಬೇಕು. ಹೊರಹೋಗುವ ಪೈಪಿನ ಬಾಯಿಗೆ ಕೆಳಮುಖವಾಗಿ ಒಂದು ಎಲ್ಬೋ (ಬಾಗಿದ ಪೈಪು ತುಂಡು) ಹಾಕಿ. ತೇಲುವ ಎಲೆ, ಪ್ಲಾಸ್ಟಿಕ್ ಮೇಲೆಯೇ ಉಳಿದು, ನಡುವಿನ ತಿಳಿನೀರು ಮಾತ್ರ ಮುಂದಕ್ಕೆ ಹೋಗುತ್ತದೆ. ಪೈಪಿನ ಕೆಳಗಿನ ಈ ಆಳದಲ್ಲಿ ಅರ್ಧದಷ್ಟು ಹೂಳು ತುಂಬಿತೆಂದರೆ ತೆಗೆಸುವ ಹೊತ್ತಾಯಿತು. ಪೂರ್ತಿ ತುಂಬುವ ತನಕ ಬಿಟ್ಟರೆ ಗುಂಡಿ ಇದ್ದೂ ಇಲ್ಲದಂತೆ. ಅಷ್ಟೂ ಮಣ್ಣು ನೇರವಾಗಿ ಬಾವಿಗೆ ಇಳಿಯುತ್ತದೆ.

ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಚರಂಡಿಯ ಅಂಚಿನಲ್ಲೇ ರಾಶಿ ಹಾಕಿ ಹೋಗುವುದನ್ನು ಊರ ತುಂಬ ನೋಡುತ್ತೇವೆ. ಒಂದೇ ಮಳೆಗೆ ಅದೆಲ್ಲ ಮತ್ತೆ ಒಳಕ್ಕೆ. ಹೂಳನ್ನು ಚೀಲಕ್ಕೆ ತುಂಬಿ ಅದೇ ದಿನ ಸಾಗಿಸುವುದು ಕೆಲಸದ ಒಪ್ಪಂದದಲ್ಲೇ ಇರಲಿ, ಸಾಗಿಸಿದ ಮೇಲೆಯೇ ಕೂಲಿ.

ಎಲೆಗಿಂತ ಅಪಾಯಕಾರಿ ಸಿಮೆಂಟ್ ನೀರು. ಯಾರದೋ ಮನೆಯ ಟೈಲ್ಸ್ ಕೆಲಸ ನಡೆದಾಗ ಬಾಣಲಿ, ಮಿಕ್ಸರ್ ತೊಳೆದ ನೀರು ಅಂಗಳದ ಜಾಲರಿಗೆ ಹೋದರೆ ಇಂಗುಬಾವಿಗೆ ಹಾಕಿದ ಜಲ್ಲಿಯ ಸಂದುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ತೊಳೆದರೆ ಬಿಡುವುದಿಲ್ಲ, ಜಲ್ಲಿಯನ್ನೇ ಬದಲಿಸಬೇಕು. ಕೆಲಸ ಮುಗಿಯುವ ತನಕ ಹತ್ತಿರದ ಜಾಲರಿಯ ಸುತ್ತ ಮರಳಿನ ಮೂಟೆ ಇಡಿಸಿ.

ಫೆಬ್ರುವರಿ, ಮಾರ್ಚಿನ ಒಣ ದಿನಗಳಲ್ಲಿ ಮಳೆನೀರಿನ ಚೇಂಬರ್ ತೆರೆದು ನೋಡುವುದು ಒಳ್ಳೆಯ ಪರೀಕ್ಷೆ. ಮಳೆಯಿಲ್ಲದಾಗ ಅಲ್ಲಿ ನೀರು ಹರಿಯುತ್ತಿದ್ದರೆ ಯಾರದೋ ಬಚ್ಚಲಿನದ್ದೋ ಒಳಚರಂಡಿಯದ್ದೋ ಪೈಪು ಸೇರಿಕೊಂಡಿದೆ ಅಥವಾ ಕುಡಿಯುವ ನೀರಿನ ಪೈಪು ಸೋರುತ್ತಿದೆ. ಪತ್ತೆ ಹಚ್ಚಿ ಸರಿಪಡಿಸುವವರೆಗೆ ಆ ಸಾಲನ್ನು ಇಂಗುಬಾವಿಗೆ ಬಿಡಬಾರದು. ಕೊಳಚೆ ಬಾವಿಗಿಳಿದರೆ ನೆರೆಹೊರೆಯ ಬೋರ್‌ವೆಲ್‌ಗಳಿಗೂ ಅಪಾಯ.

ಬಾವಿ ಎಷ್ಟು ಇಂಗಿಸುತ್ತದೆ ಎಂದು ತಿಳಿಯಲು ಒಂದು ಹಗ್ಗ, ಒಂದು ಗಡಿಯಾರ ಸಾಕು. ಮೂರಡಿ ಅಗಲದ ಬಾವಿಯಲ್ಲಿ ಒಂದಡಿ ನೀರು ಇಳಿದರೆ 200 ಲೀಟರ್ ಇಂಗಿದ ಹಾಗೆ. ಮಳೆ ನಿಂತ ಮೇಲೆ ಗಂಟೆಗೊಮ್ಮೆ ಅಳೆದು, ದಿನಾಂಕದೊಂದಿಗೆ ಬರೆದಿಡಿ. ಹೋದ ವರ್ಷ ಗಂಟೆಗೆ ಮೂರಡಿ ಇಳಿಯುತ್ತಿದ್ದದ್ದು ಈಗ ಅರ್ಧ ಅಡಿಗೆ ಬಂದಿದ್ದರೆ ತಳಕ್ಕೆ ಹೂಳು ಕೂತಿದೆ ಎಂದೇ ಅನುಮಾನಿಸಿ. ಹೂಳೆತ್ತಿಸಲು ಬಾವಿ ತೋಡುವ ಮಣ್ಣು ವಡ್ಡರನ್ನೇ ಕರೆಸಿ. ಈ ಮಣ್ಣು ಅವರಿಗೆ ಗೊತ್ತು. ನೀರೆತ್ತಲು ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಲೇಬೇಡಿ, ಅದರ ಹೊಗೆ ಒಳಗಿದ್ದವರ ಜೀವ ತೆಗೆಯುತ್ತದೆ. ಗಾಳಿ ಆಡಿಸಿ, ಅನಿಲ ಪರೀಕ್ಷಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕೊಳಚೆ ಸೇರಿದ ಚೇಂಬರಿಗೆ ಯಾರನ್ನೂ ಇಳಿಸಬೇಡಿ, ಯಂತ್ರ ಕರೆಸಿ.

ಬೇಸ್‌ಮೆಂಟ್ ಇದ್ದವರಿಗೆ ಇನ್ನೊಂದು ಚಿಂತೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಯಮಲೂರು, ಹೊರವರ್ತುಲ ರಸ್ತೆಯ ಕಡೆ ಪ್ರವಾಹ ಬಂದಾಗಿನಂತೆ, ಹೊರಗಿನ ಕಾಲುವೆಯ ನೀರು ನಿಮ್ಮ ಪೈಪಿನ ಮಟ್ಟ ಮೀರಿದರೆ ಅದೇ ಪೈಪಿನಲ್ಲಿ ವಾಪಸು ಬರುತ್ತದೆ. ಪೈಪಿನ ಹೊರಬಾಯಿಗೆ ನೀರನ್ನು ಹೊರಕ್ಕೆ ಮಾತ್ರ ಬಿಡುವ ಮುಚ್ಚಳ, ಅಂದರೆ ಫ್ಲ್ಯಾಪ್ ವಾಲ್ವ್ ಇರಲಿ. ಕೀಲಿನಲ್ಲಿ ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿದ್ದರೂ ಅದು ಮುಚ್ಚುವುದಿಲ್ಲ, ಆದ್ದರಿಂದ ತಿಂಗಳಿಗೊಮ್ಮೆ ಕೈಯಿಂದ ಎತ್ತಿ ಬಿಟ್ಟು ನೋಡಿ. ಬೇಸ್‌ಮೆಂಟಿನ ನೀರೆತ್ತುವ ಪಂಪು ಎರಡಿರಬೇಕು, ಎರಡಕ್ಕೂ ಬೇರೆ ಬೇರೆ ಫ್ಲೋಟ್ ಸ್ವಿಚ್ (ನೀರೇರಿದಾಗ ತಾನೇ ಪಂಪು ಓಡಿಸುವಂಥದ್ದು) ಮತ್ತು ನೀರು ವಾಪಸಾಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಎರಡೂ ಜನರೇಟರ್ ಸಾಲಿನಲ್ಲಿ. ಜೋರು ಮಳೆಗೆ ಕರೆಂಟ್ ಹೋಗುವುದು ಇಲ್ಲಿ ಮಾಮೂಲು.

ಶುಚಿ ಮಾಡುವ ಕಾಲ ನಮ್ಮೂರಿನ ಮರಗಳನ್ನೂ ಮಳೆಯನ್ನೂ ನೋಡಿ ಗೊತ್ತುಮಾಡಿ. ಎಲೆ ಉದುರಿ ಮುಗಿದ ಮೇಲೆ ಮಾರ್ಚ್ ಕೊನೆಗೆ ಒಮ್ಮೆ, ಗಾಳಿಮಳೆಗಳು ಕಸ ತಂದು ಹಾಕಿದ ಮೇಲೆ ಜೂನ್ ಮೊದಲಲ್ಲಿ ಒಮ್ಮೆ, ಸೆಪ್ಟೆಂಬರಿನ ದೊಡ್ಡ ಮಳೆಗೆ ಮುಂಚೆ ಆಗಸ್ಟಿನಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಎಷ್ಟು ಬುಟ್ಟಿ ಹೂಳು ಬಂತೆಂದು ಗುಂಡಿವಾರು ಬರೆಯಿರಿ. ಒಂದೇ ಗುಂಡಿಯಲ್ಲಿ ಪದೇ ಪದೇ ಹೆಚ್ಚು ಬರುತ್ತಿದ್ದರೆ ಅದರ ಮೇಲ್ಭಾಗದಲ್ಲಿ ಎಲ್ಲೋ ಬರಿಮಣ್ಣು ಕೊಚ್ಚಿ ಬರುತ್ತಿದೆ. ಅಲ್ಲಿಗೆ ಹುಲ್ಲು ನೆಡಿಸಿ.