ಥ್ಯಾಂಕ್ಸ್ ಯಾರಿಗೆ ತಲುಪುತ್ತದೆ?

2025 ಮೇ 12, ಸೋಮವಾರ

ಬೆಳಗಿನ ಡ್ಯೂಟಿ ಮುಗಿಸಿ ಬಂದು ಬರೆಯಲು ಕೂತಿದ್ದೇನೆ. ಇವತ್ತು ದಾದಿಯರ ದಿನ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಅದಕ್ಕೇ ಈ ತಾರೀಖು. ದೀಪ ಹಚ್ಚಿದ್ದಾಯಿತು, ಭಾಷಣ ಆಯಿತು, ಗ್ರೂಪ್ ಫೋಟೋ ಆಯಿತು. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ವಾರ್ಡಿನಲ್ಲಿ ಬೆಲ್ ಹೊಡೆಯಿತು. ಇಬ್ಬರು ಓಡಿದರು. ಫೋಟೋದಲ್ಲಿ ಅವರಿಲ್ಲ.

ನರ್ಸಿಂಗ್ ಸ್ಟೇಷನ್ ಹಿಂದಿನ ಬೋರ್ಡ್ ಮೇಲೆ ರೋಗಿಗಳು ಬರೆದುಕೊಟ್ಟ ಕಾಗದಗಳನ್ನು ಅಂಟಿಸುತ್ತೇವೆ. ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ತೆಗೆಯುವ ಕೆಲಸ ಇವತ್ತು ನನ್ನ ಪಾಲಿಗೆ ಬಂತು. ಹೆಚ್ಚಿನವು ಒಂದೇ ಥರ: ‘ಎಲ್ಲ ಸಿಬ್ಬಂದಿಗೆ ಧನ್ಯವಾದಗಳು, ಒಳ್ಳೆಯ ಸೇವೆ.’ ಓದಿದರೆ ಖುಷಿಯೇ, ಆದರೆ ಮರುದಿನಕ್ಕೆ ನೆನಪಿರುವುದಿಲ್ಲ. ಮನಸ್ಸಿನಲ್ಲಿ ಉಳಿಯುವುದು ಬೇರೆ ಥರದ್ದು. ‘ಬಟ್ಟೆ ಬದಲಿಸುವ ಮುಂಚೆ ಪ್ರತಿಸಲ ಪರದೆ ಎಳೆದಿರಿ’ ಅಂತ ಒಬ್ಬರು ಬರೆದಿದ್ದರು. ಅಷ್ಟೇ, ಒಂದೇ ಸಾಲು. ಪರದೆ ಎಳೆಯುವುದು ನಮಗೆ ಕೈಗೆ ರೂಢಿಯಾದ ಕೆಲಸ. ಹಾಸಿಗೆ ಮೇಲೆ ಮಲಗಿದವರಿಗೆ ಅದು ಮಾನದ ಪ್ರಶ್ನೆ. ಅದನ್ನು ಅವರು ಲೆಕ್ಕ ಇಟ್ಟಿದ್ದರು ಅಂತ ಗೊತ್ತಾದ ಮೇಲೆ ನಾನು ಪರದೆ ಎಳೆಯುವ ರೀತಿಯೇ ಬದಲಾಯಿತು.

ಥ್ಯಾಂಕ್ಸ್ ಸಿಗುವುದರಲ್ಲೂ ಒಂದು ತಮಾಷೆ ಇದೆ. ಅದು ಡಿಸ್ಚಾರ್ಜ್ ದಿನ ಎದುರಿಗೆ ಇದ್ದವರಿಗೆ ಸಿಗುತ್ತದೆ. ಐಸಿಯುನಲ್ಲಿ ಜೀವ ಹಿಡಿದು ನಿಲ್ಲಿಸಿದವರ ಮುಖ ರೋಗಿಗೆ ನೆನಪೇ ಇರುವುದಿಲ್ಲ. ವೆಂಟಿಲೇಟರ್ ಮೇಲೆ ಇದ್ದವರಿಗೆ ಮಂಪರಿನ ಔಷಧಿ ಕೊಟ್ಟಿರುತ್ತೇವೆ. ಎಷ್ಟೋ ಜನರಿಗೆ ಆ ದಿನಗಳ ಬದಲು ಕೆಟ್ಟ ಕನಸುಗಳು ಮಾತ್ರ ನೆನಪಿರುತ್ತವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನು ಹುಣ್ಣಾಗದಂತೆ ನೋಡಿಕೊಂಡವರನ್ನು, ಗಂಟಲಿನ ಕಫ ಸಕ್ಷನ್ ಹಾಕಿ ತೆಗೆದವರನ್ನು ಅವರು ಕಾರಿಡಾರಿನಲ್ಲಿ ಎದುರಿಗೆ ಸಿಕ್ಕರೂ ಗುರುತಿಸುವುದಿಲ್ಲ. ತಪ್ಪು ಅವರದಲ್ಲ.

ಇದಕ್ಕೆ ಸ್ಕ್ಯಾಂಡಿನೇವಿಯಾದ ದೇಶಗಳ ದಾದಿಯರು ಒಂದು ಒಳ್ಳೆಯ ದಾರಿ ಕಂಡುಕೊಂಡರು. ಐಸಿಯುನಲ್ಲಿ ಪ್ರಜ್ಞೆ ಇಲ್ಲದೆ ಮಲಗಿದವರ ಪರವಾಗಿ ದಿನಚರಿ ಬರೆದಿಡುವುದು. ‘ಇವತ್ತು ನಿಮ್ಮ ಮಗಳು ಬಂದಿದ್ದಳು, ನೀವು ಅವಳ ಕೈ ಒತ್ತಿದಿರಿ’ ಅನ್ನುವಂಥ ಮಾತುಗಳು. ಮನೆಯವರೂ ಅದರಲ್ಲಿ ಬರೆಯಬಹುದು. ಚೇತರಿಸಿಕೊಂಡ ಮೇಲೆ ಪುಸ್ತಕ ರೋಗಿಯ ಕೈಗೆ ಹೋಗುತ್ತದೆ. ಕಳೆದುಹೋದ ದಿನಗಳನ್ನು ಅವರು ಮತ್ತೆ ಜೋಡಿಸಿಕೊಳ್ಳಲಿ ಅಂತ ಮಾಡಿದ್ದು ಇದು, ಥ್ಯಾಂಕ್ಸ್ ಸಿಗಲಿ ಅಂತಲ್ಲ. ಆದರೂ ತಮ್ಮನ್ನು ಯಾರು ನೋಡಿಕೊಂಡರು ಅನ್ನುವುದು ಅದರಿಂದ ಗೊತ್ತಾಗುತ್ತದೆ, ಅಲ್ವಾ? ನಮ್ಮಲ್ಲೂ ಶುರು ಮಾಡೋಣ ಅಂತ ಕೇಳಬೇಕು. ಚಾರ್ಟ್ ಬರೆಯಲಿಕ್ಕೇ ಟೈಮ್ ಇಲ್ಲ ಅನ್ನುತ್ತಾರೆ, ಅದೂ ನಿಜ.

ಹೊರಗಿನವರು ನಂಬದ ಮಾತೊಂದಿದೆ. ಉದ್ದದ ಪತ್ರಗಳು ಹೆಚ್ಚಾಗಿ ಬರುವುದು ಗುಣವಾಗಿ ಮನೆಗೆ ಹೋದವರಿಂದಲ್ಲ. ಮನೆಗೆ ಹೋದವರು ಬದುಕಿಗೆ ಮರಳುತ್ತಾರೆ, ಆಸ್ಪತ್ರೆಯನ್ನು ಮರೆಯಲು ನೋಡುತ್ತಾರೆ, ಮರೆಯಲೂಬೇಕು. ಪತ್ರ ಬರೆಯುವುದು ತಮ್ಮವರನ್ನು ಇಲ್ಲಿ ಕಳೆದುಕೊಂಡವರು. ಹೀಗೇ ಒಬ್ಬ ಮಗಳು, ತಂದೆ ತೀರಿಕೊಂಡು ಸ್ವಲ್ಪ ಕಾಲವಾದ ಮೇಲೆ ಬಂದರು. ನಾನು ದೂರು ಇರಬಹುದು ಅಂದುಕೊಂಡೆ. ‘ಅಪ್ಪನಿಗೆ ಪ್ರಜ್ಞೆ ಇರಲಿಲ್ಲ ಸಿಸ್ಟರ್. ಆದರೂ ನೀವು ಅವರ ಹತ್ತಿರ ಮಾತಾಡುತ್ತಿದ್ದಿರಿ. ಈಗ ಬಲಕ್ಕೆ ತಿರುಗಿಸ್ತೀವಿ, ಸ್ವಲ್ಪ ತಣ್ಣಗಾಗುತ್ತೆ ಅಂತ ಹೇಳಿ ಹೇಳಿ ಮಾಡುತ್ತಿದ್ದಿರಿ’ ಅಂದರು. ಕಲಿಯುವಾಗಲೇ ನಮಗೆ ಇದನ್ನು ಹೇಳಿಕೊಟ್ಟಿರುತ್ತಾರೆ, ಕೇಳಿಸುತ್ತಿರಬಹುದು ಅಂದುಕೊಂಡೇ ಮಾತಾಡಿ ಅಂತ. ಅದನ್ನು ಬಾಗಿಲ ಹತ್ತಿರ ನಿಂತು ಯಾರೋ ಕೇಳುತ್ತಿರುತ್ತಾರೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ನೋಟು ಮಡಚಿ ಕೈಗೆ ತುರುಕುವವರು ಇದ್ದೇ ಇರುತ್ತಾರೆ. ತಗೊಳ್ಳುವ ಹಾಗಿಲ್ಲ. ವಾಪಸ್ ಕೊಟ್ಟರೆ ಕೆಲವರಿಗೆ ಬೇಜಾರು. ಅಡ್ಮಿಟ್ ಆದ ಮೊದಲ ದಿನವೇ ಕೊಡಲು ಬಂದರೆ ಅದು ಕೃತಜ್ಞತೆ ಅಲ್ಲ, ಹೆದರಿಕೆ. ಕೊಡದಿದ್ದರೆ ಸರಿಯಾಗಿ ನೋಡಿಕೊಳ್ಳುವುದಿಲ್ಲವೇನೋ ಅನ್ನುವ ಹೆದರಿಕೆ. ಅದನ್ನು ಕಂಡಾಗ ನನಗೆ ಕೋಪ ಬರುವುದಿಲ್ಲ, ನಾಚಿಕೆಯಾಗುತ್ತದೆ.

ಹಾಗಂತ ಬರೀ ಒಳ್ಳೆ ಮಾತಿನಿಂದ ಎಲ್ಲ ಆಗುತ್ತದೆ ಅಂತಲೂ ನಾನು ಹೇಳುವುದಿಲ್ಲ. 2020ರಲ್ಲಿ ಎಷ್ಟು ಚಪ್ಪಾಳೆ ಬಿತ್ತು! ಆ ವರ್ಷ ಏಪ್ರಿಲ್‌ನಲ್ಲಿ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ ಕೋವಿಡ್‌ನಿಂದ ಹುಷಾರಾಗಿ ಬಂದು ಇಬ್ಬರು ದಾದಿಯರ ಹೆಸರು ಹೇಳಿ ಥ್ಯಾಂಕ್ಸ್ ಅಂದರು. ಅವರಲ್ಲಿ ಒಬ್ಬರಾದ ಜೆನ್ನಿ ಮೆಕ್‌ಗೀ ಮರುವರ್ಷ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ನಮಗೆ ಸಿಗಬೇಕಾದ ಗೌರವವೂ ಸಿಗುತ್ತಿಲ್ಲ, ಸಂಬಳವೂ ಸಿಗುತ್ತಿಲ್ಲ ಅನ್ನುವುದು ಅವರ ಮಾತು. ನೈಟಿಂಗೇಲ್ ಕಾಲದಲ್ಲಿ ಇದಕ್ಕಿಂತ ವಾಸಿ ಅನಿಸುತ್ತದೆ. ಕ್ರೈಮಿಯಾ ಯುದ್ಧದಲ್ಲಿ ಆಕೆ ಮಾಡಿದ ಕೆಲಸಕ್ಕೆ ಮೆಚ್ಚಿ 1855ರಲ್ಲಿ ಜನ ನಿಧಿ ಕೂಡಿಸಿದರು, ಸೈನಿಕರೂ ಕೈಸೇರಿಸಿದರು. ಅದೇ ದುಡ್ಡಿನಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಶುರುವಾಯಿತು. ಜಾನ್ಸನ್ ಅವರನ್ನು ಉಳಿಸಿದ್ದೂ ಇದೇ ಆಸ್ಪತ್ರೆ. ಥ್ಯಾಂಕ್ಸ್ ಅಂದರೆ ಹಾಗಿರಬೇಕು, ಮುಂದೆ ಬರುವ ದಾದಿಗೂ ಏನಾದರೂ ಸಿಗುವ ಹಾಗೆ.

ಇವತ್ತಿನ ದಿನದ ನಿಜವಾದ ಸುದ್ದಿ ಇನ್ನೂ ಬರೆದೇ ಇಲ್ಲ. ಮಧ್ಯಾಹ್ನ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಒಂದು ಪತ್ರ ಬಂತು. ಆಪರೇಷನ್ ಆಗಿ ಮನೆಗೆ ಹೋದ ಹೆಂಗಸೊಬ್ಬರು ಬರೆದದ್ದು. ಡಾಕ್ಟರ್ ಬಗ್ಗೆ ಒಂದು ಸಾಲು, ನಮ್ಮ ಬಗ್ಗೆ ಎರಡು ಸಾಲು. ಉಳಿದ ಪುಟವೆಲ್ಲ ರಾತ್ರಿ ನೆಲ ಒರೆಸುವವರ ಬಗ್ಗೆ. ನಿದ್ದೆ ಬಾರದೆ ಒದ್ದಾಡುತ್ತಿದ್ದಾಗ ಅವರು ಬಕೆಟ್ ಸದ್ದಾಗದಂತೆ ಎತ್ತಿ ಇಡುತ್ತಿದ್ದರಂತೆ. ಕೆಳಗೆ ಬಿದ್ದ ಕನ್ನಡಕ ಒರೆಸಿ ಕೈಗೆ ಸಿಗುವ ಹಾಗೆ ಇಟ್ಟರಂತೆ. ಒಂದು ರಾತ್ರಿ ಇವರು ಅಳುತ್ತಿದ್ದುದನ್ನು ಕಂಡು, ಏನೂ ಕೇಳದೆ ಹೋಗಿ ನಮ್ಮ ನರ್ಸ್ ಹುಡುಗಿಯನ್ನು ಕರೆತಂದರಂತೆ. ‘ಹೆಸರು ಕೇಳಲು ಸಂಕೋಚವಾಯಿತು, ದಯವಿಟ್ಟು ಅವರಿಗೆ ತಿಳಿಸಿ’ ಅಂತ ಕೊನೆಯಲ್ಲಿ ಬರೆದಿದ್ದಾರೆ.

ಡ್ಯೂಟಿ ಪಟ್ಟಿ ನೋಡಿ ಯಾರು ಅಂತ ಹುಡುಕಿದೆವು. ಮೇಡಂ ಕರೆಸಿದರು. ಆ ಅಣ್ಣ ಬಾಗಿಲಲ್ಲೇ ನಿಂತು, ‘ಏನು ತಪ್ಪಾಯ್ತು ಮೇಡಂ?’ ಅಂದರು. ಇಷ್ಟು ವರ್ಷದಲ್ಲಿ ಆ ರೂಮಿಗೆ ಅವರನ್ನು ಕರೆಸಿದ್ದು ಬೈಯುವುದಕ್ಕೆ ಮಾತ್ರ. ಮೇಡಂ ಪತ್ರ ಪೂರ್ತಿ ಓದಿ ಹೇಳಿದರು. ಮೂಲ ಪತ್ರ ಫೈಲಿಗೆ ಹೋಗುತ್ತದೆ ಅಂದಾಗ ಅವರು ಒಂದು ಜೆರಾಕ್ಸ್ ಸಿಗುತ್ತಾ ಅಂತ ಕೇಳಿದರು. ಆಮೇಲೆ ಸ್ವಲ್ಪ ಯೋಚಿಸಿ, ಎರಡು ಕೊಡಿ ಅಂದರು.