ಜಿಡಿಬಿಗೆ ಲೈಬ್ರರಿ ಎಲ್ಲಿದೆ ಅಂತ ಹೇಳಿ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಜಾಸ್ತಿ ಕೇಳುವುದು ಇದನ್ನೇ: ಬೋರ್ಡಿನಿಂದ (ಪ್ರೋಗ್ರಾಂ ಓಡುವ ಪುಟ್ಟ ಕಂಪ್ಯೂಟರ್) ತಂದ ಕೋರ್ ಫೈಲನ್ನು (ಪ್ರೋಗ್ರಾಂ ಕ್ರ್ಯಾಶ್ ಆದಾಗಿನ ಮೆಮೊರಿಯ ನಕಲು) ಲ್ಯಾಪ್‌ಟಾಪಿನಲ್ಲಿ ತೆರೆದರೆ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ತುಂಬಾ ಬರೀ ಪ್ರಶ್ನೆಚಿಹ್ನೆ ಯಾಕೆ ಸರ್? ಜಿಡಿಬಿ, ಅಂದರೆ ಪ್ರೋಗ್ರಾಂನ ತಪ್ಪು ಹುಡುಕುವ ಡಿಬಗರ್, ಬೋರ್ಡಿನ ಲೈಬ್ರರಿಗಳ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲುಗಳು) ಬದಲು ಲ್ಯಾಪ್‌ಟಾಪಿನ ಲೈಬ್ರರಿಗಳನ್ನೇ ಹುಡುಕಿಕೊಂಡು ಹೋಗಿರುತ್ತದೆ. ತಾಳೆ ಆಗುವುದಾದರೂ ಹೇಗೆ, ಅಲ್ವಾ?

ಮೊದಲು ಜಿಡಿಬಿಯಲ್ಲಿ ‘ಇನ್ಫೋ ಷೇರ್ಡ್‌ಲೈಬ್ರರಿ’ ಕೊಟ್ಟು ಯಾವ ಫೈಲು ಲೋಡ್ ಆಗಿದೆ ನೋಡಿ. ಬೋರ್ಡಿನ ರೂಟ್ ಫೈಲ್‌ಸಿಸ್ಟಮ್ಮಿನ ನಕಲು ಪೂರ್ತಿ ಇದ್ದರೆ ಆ ಫೋಲ್ಡರನ್ನು ‘ಸೆಟ್ ಸಿಸ್‌ರೂಟ್’ಗೆ ಕೊಟ್ಟರೆ ಸಾಕು. ಒಂದೆರಡು ಲೈಬ್ರರಿ ಮಾತ್ರ ಇದ್ದರೆ ಅವು ಇರುವ ಫೋಲ್ಡರನ್ನು ‘ಸೆಟ್ ಸಾಲಿಬ್-ಸರ್ಚ್-ಪಾತ್’ಗೆ ಕೊಡಿ. ಆದರೆ ಆಗಲೂ ಜಿಡಿಬಿ ಮೊದಲು ನೋಡುವುದು ಸಿಸ್‌ರೂಟನ್ನೇ, ಹಾಗಾಗಿ ಲ್ಯಾಪ್‌ಟಾಪಿನ ಫೈಲು ಕೈಗೆ ಸಿಗದಂತೆ ಸಿಸ್‌ರೂಟಿಗೆ ಇಲ್ಲದ ಫೋಲ್ಡರಿನ ಹೆಸರು ಕೊಟ್ಟುಬಿಡಿ, ಇದನ್ನು ಬಿಟ್ಟವರೇ ಗಂಟೆಗಟ್ಟಲೆ ಒದ್ದಾಡುವುದು.

ಎಲ್‌ಡಿ_ಲೈಬ್ರರಿ_ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಬೇರೆಯೇ ವಿಷಯ. ಅದು ಪ್ರೋಗ್ರಾಂ ಓಡುವಾಗ ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್‌ಗೆ ದಾರಿ ತೋರಿಸುತ್ತದೆ. ಅದನ್ನು ಸುಮ್ನೆ ಬ್ಯಾಷ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಓಡುವ ಸೆಟ್ಟಿಂಗ್ ಫೈಲು) ಹಾಕಬೇಡಿ, ಬೇರೆ ಪ್ರೋಗ್ರಾಂಗಳೂ ಕೆಡಬಹುದು.