ಕತ್ತರಿ ಬಿದ್ದ ಜಾಗ

ಡಾಕ್ಯುಮೆಂಟರಿಯಲ್ಲಿ ಯಾರೋ ಮಾತಾಡುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಮುಖ ಹೋಗಿ ಕೈ ಕಾಣುತ್ತದೆ, ಇಲ್ಲವೇ ಕಿಟಕಿ. ಮಾತು ಮಾತ್ರ ಮುಂದುವರಿಯುತ್ತದೆ. ಅಲ್ಲಿ ಏನೋ ಕತ್ತರಿಸಿರುವ ಸಾಧ್ಯತೆ ಜಾಸ್ತಿ. ನಾನೀಗ ಆ ಜಾಗವನ್ನೇ ಹುಡುಕುತ್ತೇನೆ.

ನನ್ನ ತಮ್ಮ ನಮ್ಮ ಕೋಲಾರದ ಕೆರೆಗಳ ಬಗ್ಗೆ ಸಣ್ಣ ಚಿತ್ರ ಮಾಡುತ್ತಿದ್ದಾನೆ. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಇಲ್ಲಿಗೆ ಬರುತ್ತಿದೆಯಲ್ಲ, ಅದೇ ವಿಷಯ. ನಿನ್ನೆ ಎಡಿಟಿಂಗ್ ನೋಡುತ್ತಾ ಪಕ್ಕದಲ್ಲೇ ಕೂತಿದ್ದೆ. ಟೊಮೆಟೊ ಬೆಳೆಯುವ ರೈತರೊಬ್ಬರು "ಬೋರ್‌ನಲ್ಲಿ ನೀರು ಮೇಲೆ ಬಂದೈತೆ" ಅನ್ನುತ್ತಾರೆ. ತುಸು ಹೊತ್ತು ಸುಮ್ಮನಿರುತ್ತಾರೆ. ಟವೆಲ್ಲಿನಿಂದ ಕತ್ತು ಒರೆಸಿಕೊಂಡು, "ಆದ್ರೆ ಕುಡಿಯೋಕೆ ಧೈರ್ಯ ಇಲ್ಲಪ್ಪ" ಅನ್ನುತ್ತಾರೆ. ಮೊದಲ ಮಾತಿಗೇ ನಿಲ್ಲಿಸಿದರೆ ಅದು ಯೋಜನೆಯ ಹೊಗಳಿಕೆ. ಎರಡನೆಯದನ್ನಷ್ಟೇ ಇಟ್ಟರೆ ದೂರು. ತಮ್ಮ ಆ ಮೌನವನ್ನೂ ಸೇರಿಸಿ ಪೂರ್ತಿ ಇಟ್ಟ. ತುಂಬಾ ಖುಷಿಯಾಯಿತು.

ಹಾಗಂತ ಕ್ಯಾಮೆರಾ ಮುಂದೆ ಏನನ್ನೂ ಜೋಡಿಸಲೇಬಾರದು ಅಂತಲ್ಲ. 1922ರ 'ನಾನೂಕ್ ಆಫ್ ದಿ ನಾರ್ತ್' ಡಾಕ್ಯುಮೆಂಟರಿಗಾಗಿ ಅದರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಒಂದು ಪಕ್ಕ ತೆರೆದಿರುವ ಇಗ್ಲೂ, ಅಂದರೆ ಹಿಮದ ಮನೆ, ಕಟ್ಟಿಸಿದ್ದರು. ಮುಚ್ಚಿದ ಇಗ್ಲೂ ಒಳಗೆ ಶೂಟಿಂಗಿಗೆ ಬೆಳಕು ಸಾಲುತ್ತಿರಲಿಲ್ಲ. ಅದನ್ನು ನಾನು ಒಪ್ಪುತ್ತೇನೆ. ರೈತರ ಅರ್ಧ ಮಾತು ಕತ್ತರಿಸುವುದನ್ನು ಒಪ್ಪಲಾರೆ.

ಒಂದು ಕೊರತೆ ಮಾತ್ರ ಕಾಡುತ್ತಿದೆ. ಇದುವರೆಗೆ ಮಾತಾಡಿದವರೆಲ್ಲ ಗಂಡಸರು. ಮನೆಗೆ ನೀರು ತರುವವರು ಹೆಂಗಸರು, ಅಲ್ವಾ? ನಿಮ್ಮೂರ ಕೆರೆಗೂ ಆ ನೀರು ಬರುತ್ತಿದ್ದು, ಮನೆಯಲ್ಲಿ ಅಮ್ಮನೋ ಅತ್ತೆಯೋ ಮಾತಾಡಲು ಒಪ್ಪಿದರೆ ದಯವಿಟ್ಟು ತಿಳಿಸಿ.